ಯುಕೆಗೆ ಹೋಗಿ ಕ್ರಿಮಿನಾಲಜಿ ಓದಬೇಕು ಅಂತಿದ್ದೇನೆ, ಗೊತ್ತಿದ್ದವರು ಹೇಳಿ

ಕಾಳಿದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಮನೆ ಸದಾಶಿವಗಡ. ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎ ಮುಗಿಸಿದೆ. ಸಮಾಜಶಾಸ್ತ್ರ, ಕ್ರಿಮಿನಾಲಜಿ ಇತ್ತು, 71 ಪರ್ಸೆಂಟ್ ಬಂದಿದೆ. ಐಇಎಲ್‌ಟಿಎಸ್‌ನಲ್ಲಿ 7. ಇಂಗ್ಲೆಂಡಿನ ಎರಡು ಯುನಿವರ್ಸಿಟಿಗಳಿಂದ ಎಂಎ ಕ್ರಿಮಿನಾಲಜಿಗೆ ಆಫರ್ ಲೆಟರ್ ಬಂದಿದೆ. ನನಗೆ ಇಷ್ಟವಾದದ್ದರ ಫೀ 21,500 ಪೌಂಡ್. ಡೆಪಾಸಿಟ್ ಕಟ್ಟಲು ಇನ್ನು ಮೂರು ವಾರ ಇದೆ.

ಅಪ್ಪನಿಗೆ ಪರ್ಸಿನ್ ಬೋಟಿನಲ್ಲಿ ಒಂದು ಪಾಲು ಇದೆ. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗ ಮನೆಗೆ ದುಡ್ಡೇ ಬರುವುದಿಲ್ಲ, ಆಗಸ್ಟ್ ಮೇಲೆ ಬಂದದ್ದರಲ್ಲಿ ವರ್ಷ ಪೂರ್ತಿ ನಡೆಯಬೇಕು. ಆದರೂ ಅಪ್ಪ 'ನೀನು ಹೋಗು, ಮನೆ ಮೇಲೆ ಸಾಲ ತೆಗೆಯೋಣ' ಅಂತಿದ್ದಾರೆ. ಆಯಿ ಏನೂ ಮಾತಾಡುತ್ತಿಲ್ಲ. ಅದೇ ನನಗೆ ಹೆದರಿಕೆ.

ಹುಬ್ಬಳ್ಳಿಯ ಒಬ್ಬ ಏಜೆಂಟ್ ಹತ್ತಿರ ಹೋಗಿದ್ದೆವು. ಕೋರ್ಸ್ ಮುಗಿದ ಕೂಡಲೇ ಅಲ್ಲಿನ ಪೊಲೀಸ್ ಇಲಾಖೆಯಲ್ಲಿ ತನಿಖೆ ಕೆಲಸ ಸಿಗುತ್ತದೆ, ಎರಡು ವರ್ಷದಲ್ಲಿ ಸಾಲ ತೀರುತ್ತದೆ ಅಂತ ಅವರು ಅಪ್ಪನ ಎದುರೇ ಹೇಳಿದರು. ಇದು ನಿಜವಾ? ಓದಿ ಬಂದವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ಈ ವಿಷಯ ಯಾಕೆ ಬೇಕು ಅಂತ ಎಲ್ಲರೂ ಕೇಳುತ್ತಾರೆ, ಅದನ್ನೂ ಬರೆಯುತ್ತೇನೆ. 2024ರ ಆಗಸ್ಟ್ 7ರಂದು ರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತಲ್ವಾ, ಆಗ ನಾನು ಮನೆಯಲ್ಲಿದ್ದೆ. ಒಂದು ಲಾರಿ ನೀರಿಗೆ ಬಿದ್ದಿತ್ತು. ಡ್ರೈವರ್‌ನನ್ನು ಮೇಲೆತ್ತಲು ನಮ್ಮ ಕಡೆಯ ಮೀನುಗಾರರೂ ಹೋಗಿದ್ದರು. ಬೆಳಿಗ್ಗೆ ದಂಡೆಯಲ್ಲಿ ನಿಂತಿದ್ದವರೆಲ್ಲ 'ದೇವರು ದೊಡ್ಡವನು, ಒಬ್ಬನೇ ಇದ್ದ, ಅವನೂ ಬದುಕಿದ' ಅನ್ನುತ್ತಿದ್ದರು. ನನಗೆ ಮಾತ್ರ ಬೇರೆಯದೇ ತಲೆಯಲ್ಲಿ ಕೂತಿತು. 40 ವರ್ಷದ ಸೇತುವೆ, ದಿನಾ ಅದರ ಮೇಲೆ ಸಾವಿರಾರು ಗಾಡಿ ಬಿಡುತ್ತಿದ್ದರು. ಇದನ್ನು ಅಪಘಾತ ಅನ್ನಬೇಕಾ, ಅಪರಾಧ ಅನ್ನಬೇಕಾ? ಅದನ್ನು ಯಾರು ತೀರ್ಮಾನ ಮಾಡುತ್ತಾರೆ? ಬಿಎ ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ.

ಅಂಕೋಲೆಯವಳು:

ತಂಗಿ, ಮೊದಲು ಆ ಏಜೆಂಟ್ ಹೇಳಿದ್ದನ್ನು ತಲೆಯಿಂದ ತೆಗೆ. ಅಪ್ಪನ ತಲೆಯಿಂದಲೂ ತೆಗೆ, ಅದು ಇನ್ನೂ ಮುಖ್ಯ. ಇಂಗ್ಲೆಂಡಿನಲ್ಲಿ ಪೊಲೀಸ್ ಆಗಬೇಕಾದರೆ ಆ ದೇಶದಲ್ಲಿ ಕಾಲಮಿತಿ ಇಲ್ಲದೆ ಉಳಿಯುವ ಹಕ್ಕು ಇರಬೇಕು. ಸ್ಟೂಡೆಂಟ್ ವೀಸಾಗೂ ಕೊನೆಯ ತಾರೀಕು ಇದೆ, ಅದರ ನಂತರದ ಗ್ರಾಜುಯೇಟ್ ವೀಸಾಗೂ ಇದೆ. ಅಂದರೆ ನೀನು ಅರ್ಜಿ ಹಾಕುವ ಹಂತದಲ್ಲೇ ಹೊರಗೆ. ಅಮೆರಿಕದ ಎಫ್‌ಬಿಐ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ಅದೂ ಅಷ್ಟೇ, ಅಲ್ಲಿನ ಪ್ರಜೆಗಳಿಗೆ ಮಾತ್ರ.

ನಾನು 2021ರಲ್ಲಿ ಹೋಗಿದ್ದೆ, ಉತ್ತರ ಇಂಗ್ಲೆಂಡಿನ ಒಂದು ಊರಿಗೆ. ಈಗ ಬೆಂಗಳೂರಿನಲ್ಲಿ ಸಂಶೋಧನೆ ಕೆಲಸ ಮಾಡುತ್ತೇನೆ. ಹೋದದ್ದಕ್ಕೆ ಬೇಸರ ಇಲ್ಲ. ಆದರೆ ಏನು ಓದಲು ಹೋಗುತ್ತಿದ್ದೇನೆ ಅನ್ನುವುದು ಹೋಗುವ ಮೊದಲು ನನಗೂ ಸರಿಯಾಗಿ ಗೊತ್ತಿರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕ್ರಿಮಿನಾಲಜಿ ಅಂದರೆ ರಕ್ತದ ಕಲೆ, ಬೆರಳಚ್ಚು, ಡಿಎನ್‌ಎ ಅಂತ ಎಲ್ಲರೂ ತಿಳಿದುಕೊಂಡಿರುತ್ತಾರೆ. ಅದೆಲ್ಲ ಫೊರೆನ್ಸಿಕ್ ಸೈನ್ಸ್. ಕ್ರಿಮಿನಾಲಜಿ ಪಕ್ಕಾ ಸಮಾಜ ವಿಜ್ಞಾನ. ಅಪರಾಧ ಯಾಕೆ ನಡೆಯುತ್ತದೆ, ಯಾವುದನ್ನು ಅಪರಾಧ ಅಂತ ಕರೆಯುತ್ತಾರೆ, ಯಾವುದನ್ನು ಕರೆಯುವುದಿಲ್ಲ, ಶಿಕ್ಷೆಯಿಂದ ಏನಾಗುತ್ತದೆ, ಲೆಕ್ಕಕ್ಕೆ ಸಿಗದ ಅಪರಾಧ ಎಷ್ಟು, ಇಂಥವು. ಬಿಎಯಲ್ಲಿ ಇಟಲಿಯ ಹಳೆ ಕ್ರಿಮಿನಾಲಜಿಸ್ಟ್ ಲೊಂಬ್ರೋಸೋನಿಂದ ಶುರು ಮಾಡಿ ಎಲ್ಲರ ಹೆಸರೂ ಬಾಯಿಪಾಠ ಮಾಡಿರುತ್ತೇವಲ್ವಾ. ಅಲ್ಲಿ ಹೋದ ಮೇಲೆ ಆ ಬಾಯಿಪಾಠ ಒಂದು ವಾರವೂ ನಡೆಯಲಿಲ್ಲ. ನನ್ನ ಮೊದಲ ಪ್ರಬಂಧಕ್ಕೆ 54 ಬಂತು. ಅಲ್ಲಿ 50 ಪಾಸು, 60ರ ಮೇಲೆ ಮೆರಿಟ್, 70 ದಾಟಿದರೆ ಡಿಸ್ಟಿಂಕ್ಷನ್. ಮಾರ್ಕ್ಸ್‌ಗಿಂತ ಜಾಸ್ತಿ ಕುಟುಕಿದ್ದು ಮಾರ್ಜಿನ್‌ನಲ್ಲಿ ಮೇಡಂ ಪೆನ್ಸಿಲ್‌ನಲ್ಲಿ ಬರೆದ ಒಂದು ಸಾಲು. ಯಾರು ಏನು ಹೇಳಿದರು ಅಂತ ಬರೆದಿದ್ದೀಯಾ, ನೀನು ಏನು ಹೇಳುತ್ತೀಯಾ ಅಂತ. ನಾನು 16 ವರ್ಷ ಶಾಲೆ, ಕಾಲೇಜು ಕಲಿತಿದ್ದೆ. ಆ ಪ್ರಶ್ನೆಯನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ.

ಇನ್ನೊಂದು, ಅಂಕಿಅಂಶ. ಅದು ಹೆದರಿಸುತ್ತದೆ. ಎಸ್‌ಪಿಎಸ್‌ಎಸ್ ಇಲ್ಲವೇ ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಕಲಿಯಲೇಬೇಕು. ಅಲ್ಲಿ 1982ರಿಂದ ಜನರ ಮನೆಗೇ ಹೋಗಿ 'ಕಳೆದ ವರ್ಷ ನಿಮಗೆ ಏನಾದರೂ ಆಯಿತಾ, ಪೊಲೀಸರಿಗೆ ಹೇಳಿದಿರಾ' ಅಂತ ಕೇಳುವ ಒಂದು ಸಮೀಕ್ಷೆ ಇದೆ, ಈಗ ಅದಕ್ಕೆ ಕ್ರೈಮ್ ಸರ್ವೇ ಅನ್ನುತ್ತಾರೆ. ನಮ್ಮಲ್ಲಿ ಈಗ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ತರುವ ಪುಸ್ತಕ 1953ರಿಂದ ಬರುತ್ತಿದೆ, ಆದರೆ ಅದು ಠಾಣೆಯಲ್ಲಿ ದಾಖಲಾದದ್ದರ ಲೆಕ್ಕ. ದೂರು ಕೊಡದೆ ಸುಮ್ನೆ ಮನೆಗೆ ಹೋದವರು ಅದರಲ್ಲಿ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ನಮ್ಮ ಊರಿನ ಎಷ್ಟೋ ಹೆಂಗಸರ ಮುಖ ನೆನಪಾಯಿತು. ಅವತ್ತು ಲೈಬ್ರರಿಯಿಂದ ಹೊರಗೆ ಬಂದು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಈಗ ನಿನ್ನ ಸೇತುವೆ. ನಿನ್ನ ಪೋಸ್ಟಿನಲ್ಲಿ ಎಲ್ಲಕ್ಕಿಂತ ಬೆಲೆಯದ್ದು ಆ ಕೊನೆಯ ಪ್ಯಾರಾ, ಮಾರಾಯ್ತಿ. ನಾನು ಡಿಸರ್ಟೇಶನ್‌ಗೆ, ಅಂದರೆ ಕೋರ್ಸಿನ ಕೊನೆಯ ಸಂಶೋಧನಾ ಪ್ರಬಂಧಕ್ಕೆ, ನಮ್ಮ ಬೇಲೆಕೇರಿ ಬಂದರಿನ ಕಬ್ಬಿಣದ ಅದಿರಿನ ವಿಷಯ ತೆಗೆದುಕೊಂಡೆ. ಚಿಕ್ಕವಳಿದ್ದಾಗ ಹೈವೇಯಲ್ಲಿ ಅದಿರಿನ ಲಾರಿ ಸಾಲು ಮುಗಿಯುತ್ತಲೇ ಇರಲಿಲ್ಲ. ನಮ್ಮ ಅಮ್ಮಮ್ಮ ಅಂಗಳದಲ್ಲಿ ಬಂಗಡೆ ಒಣಗಲು ಹಾಕಿದರೆ ಸಂಜೆಯೊಳಗೆ ಅದರ ಮೇಲೆ ಕೆಂಪು ಧೂಳು. ತೊಳೆದರೆ ಮೀನು ಮತ್ತೆ ಒದ್ದೆ, ತೊಳೆಯದಿದ್ದರೆ ಕೊಳ್ಳುವವರಿಲ್ಲ. 2010ರಲ್ಲಿ ಬಂದರಿನಲ್ಲಿ ವಶಕ್ಕೆ ತೆಗೆದುಕೊಂಡ ಲಕ್ಷಗಟ್ಟಲೆ ಟನ್ ಅದಿರು, ವಶದಲ್ಲಿದ್ದಾಗಲೇ ಹಡಗು ಹತ್ತಿ ಹೋಯಿತು. 2011ರಲ್ಲಿ ಲೋಕಾಯುಕ್ತ ವರದಿ ಬಂತು. ವಿಶೇಷ ಕೋರ್ಟಿನ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಶಿಕ್ಷೆ ಆಮೇಲೆ ಹೈಕೋರ್ಟಿನಲ್ಲಿ ಅಮಾನತಾಯಿತು. ನಾನು ಈ ವಿಷಯ ಸೆಮಿನಾರ್‌ನಲ್ಲಿ ಹೇಳಿದಾಗ ಒಬ್ಬರು ಕೇಳಿದರು, ಈ ಅಪರಾಧದಲ್ಲಿ ಸಂತ್ರಸ್ತರು ಯಾರು ಅಂತ. ಸರ್ಕಾರ ಅಂತ ಹೇಳಲು ಹೊರಟವಳು ಅಮ್ಮಮ್ಮನ ಬಂಗಡೆ ಕಥೆ ಹೇಳಿದೆ. ಯಾವ ಚಾರ್ಜ್‌ಶೀಟಿನಲ್ಲೂ ಅವಳ ಹೆಸರು ಬರುವುದಿಲ್ಲ. ನನ್ನ ಡಿಸರ್ಟೇಶನ್ ಹುಟ್ಟಿದ್ದೇ ಅಲ್ಲಿ.

ಅಮೆರಿಕದ ಸಮಾಜಶಾಸ್ತ್ರಜ್ಞ ಸದರ್ಲ್ಯಾಂಡ್ 1939ರಲ್ಲಿ ವೈಟ್ ಕಾಲರ್ ಕ್ರೈಮ್ ಅಂತ ಹೇಳಿದ್ದನ್ನು ನೀನು ಓದಿರುತ್ತೀಯಾ. ಅವನ ತಕರಾರು ಇದೇ ಅಲ್ವಾ, ದೊಡ್ಡವರು ಮಾಡಿದ ಹಾನಿಯನ್ನು ಅಪರಾಧದ ಲೆಕ್ಕಕ್ಕೆ ಯಾಕೆ ತರುವುದಿಲ್ಲ ಅಂತ. 1990ರ ನಂತರ ಗ್ರೀನ್ ಕ್ರಿಮಿನಾಲಜಿ ಅಂತಲೇ ಒಂದು ಶಾಖೆ ಬೆಳೆದಿದೆ, ಕಾಡು, ನದಿ, ಗಾಳಿಗೆ ಆಗುವ ಹಾನಿಯ ಮೇಲೆ. ನಮ್ಮ ಜಿಲ್ಲೆಯವರಿಗೆ ಅದು ಮನೆ ಬಾಗಿಲಿನ ವಿಷಯ. ಇಂಥದ್ದನ್ನು ಕಲಿಸುವವರು ಇರುವ ಡಿಪಾರ್ಟ್‌ಮೆಂಟ್ ನಿನ್ನ ಎರಡು ಆಫರ್‌ಗಳಲ್ಲಿ ಯಾವುದು ಅಂತ ನೋಡು. ರ‍್ಯಾಂಕಿಂಗ್ ನೋಡಬೇಡ, ಅಧ್ಯಾಪಕರ ಪುಟ ತೆರೆದು ಅವರು ಏನು ಬರೆದಿದ್ದಾರೆ ಅಂತ ಓದು. ಇಬ್ಬರಿಗೆ ಇಮೇಲ್ ಮಾಡು. ಉತ್ತರ ಬರುತ್ತದೆ, ನನಗೆ ಬಂದಿತ್ತು.

ಜೈಲಿಗೆ ಹೋಗಿ ಕೈದಿಗಳನ್ನು ಮಾತಾಡಿಸುವ ಆಸೆ ಇದ್ದರೆ ಅದನ್ನು ಮಾಸ್ಟರ್ಸ್‌ನಲ್ಲಿ ಇಟ್ಟುಕೊಳ್ಳಬೇಡ. ಅನುಮತಿಗೆ ತಿಂಗಳುಗಟ್ಟಲೆ ಬೇಕು, ಡಿಸರ್ಟೇಶನ್‌ಗೆ ಸಿಗುವುದೇ ಒಂದು ಬೇಸಿಗೆ. ಹೆಚ್ಚಿನವರು ಈಗಾಗಲೇ ಇರುವ ಡೇಟಾ, ಕೋರ್ಟ್ ತೀರ್ಪು, ವರದಿ ಇಟ್ಟುಕೊಂಡೇ ಮಾಡುತ್ತಾರೆ. ಕೋರ್ಟ್‌ಗೆ ಮಾತ್ರ ಧಾರಾಳವಾಗಿ ಹೋಗಬಹುದು. ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕೂರಬಹುದು, ದುಡ್ಡಿಲ್ಲ, ಪಾಸ್ ಇಲ್ಲ. ನಾನು ಎಷ್ಟೋ ಸೋಮವಾರ ಅಲ್ಲೇ ಇರುತ್ತಿದ್ದೆ. ಅಂದ ಹಾಗೆ ಕಾರವಾರದ ಕೋರ್ಟಿನಲ್ಲೂ ವಿಚಾರಣೆ ತೆರೆದ ಬಾಗಿಲಲ್ಲೇ ನಡೆಯುತ್ತದೆ. ಈ ಮೂರು ವಾರದಲ್ಲಿ ಎರಡು ದಿನ ಅಲ್ಲಿ ಹೋಗಿ ಕೂತು ಬಾ. ಬೇಜಾರಾದರೆ ಈ ವಿಷಯ ನಿನಗೆ ಬೇಡ ಅಂತ ಅಲ್ಲೇ ಗೊತ್ತಾಗುತ್ತದೆ.

ಕುಮಟಾ_ನಿವೃತ್ತ:

ಮಗಾ, ನಾನು 31 ವರ್ಷ ಬ್ಯಾಂಕಿನಲ್ಲಿದ್ದವನು, ಎಜುಕೇಶನ್ ಲೋನ್ ಡೆಸ್ಕಿನಲ್ಲೂ ಕೂತಿದ್ದೇನೆ. ಓದಿನ ವಿಷಯ ಅಂಕೋಲೆ ತಂಗಿ ಚೆನ್ನಾಗಿ ಬರೆದಿದ್ದಾಳೆ, ನಾನು ದುಡ್ಡಿನ ವಿಷಯ ಮಾತ್ರ ಹೇಳುತ್ತೇನೆ.

ಫೀ 21,500 ಪೌಂಡ್. ಒಂದು ಪೌಂಡ್ 115 ರೂಪಾಯಿ ಅಂತ ಹಿಡಿದರೂ ಸುಮಾರು 24.7 ಲಕ್ಷ. ಲಂಡನ್ ಹೊರಗೆ ಓದುವವರು ಖರ್ಚಿಗೆ ತಿಂಗಳಿಗೆ 1,171 ಪೌಂಡ್‌ನಂತೆ 9 ತಿಂಗಳದ್ದು ತೋರಿಸಬೇಕು, ಅದು 10,539 ಪೌಂಡ್, ಅಂದರೆ 12 ಲಕ್ಷದ ಮೇಲೆ. ಲಂಡನ್ ಆದರೆ ತಿಂಗಳಿಗೆ 1,529. ವೀಸಾ ಫೀ 500 ಪೌಂಡ್‌ಗಿಂತ ಜಾಸ್ತಿ. ಆರೋಗ್ಯದ ಸರ್‌ಚಾರ್ಜ್ ಒಂದು ವರ್ಷದ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ 1,164 ಪೌಂಡ್ ಬರುತ್ತದೆ, ಏಕೆಂದರೆ ಕೋರ್ಸ್ ಮುಗಿದ ಮೇಲಿನ ತಿಂಗಳುಗಳಿಗೂ ಸೇರಿಸಿ ವಸೂಲಿ ಮಾಡುತ್ತಾರೆ. ಟಿಬಿ ಟೆಸ್ಟ್, ಟಿಕೆಟ್, ಒಂದು ದಪ್ಪ ಜಾಕೆಟ್. ಒಟ್ಟು 40 ಲಕ್ಷದ ಹತ್ತಿರ. ಏಜೆಂಟ್ ಎಷ್ಟು ಹೇಳಿದ? 28 ಹೇಳಿರಬೇಕು. ಅವರು ಫೀ ಮಾತ್ರ ಹೇಳುತ್ತಾರೆ.

ಮನೆ ಮೇಲೆ ಸಾಲ ಅಂದೆಯಲ್ಲ. ಮನೆ ಯಾವ ಜಾಗದಲ್ಲಿದೆ ಅಂತ ಮೊದಲು ನೋಡಿ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆ ಅತಿಕ್ರಮಣದ ಜಾಗದಲ್ಲಿವೆ, ಎಷ್ಟೋ ಎನ್‌ಎ, ಅಂದರೆ ಕೃಷಿಯೇತರ ಜಾಗ ಅಂತ ಪರಿವರ್ತನೆ, ಆಗಿಲ್ಲ. ಶಿರಸಿ ಕಡೆಯವರು ಬಂದು 'ಎರಡು ಎಕರೆ ಅಡಿಕೆ ತೋಟ ಇದೆ, ಅಡ ಇಟ್ಟುಕೊಳ್ಳಿ' ಅನ್ನುತ್ತಿದ್ದರು. ತೋಟದ ಬೆಲೆ ಕೋಟಿ ಇರಬಹುದು, ಆದರೆ ಬ್ಯಾಂಕಿಗೆ ಸಾಲ ವಸೂಲಿಯ ಬಲ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಎಜುಕೇಶನ್ ಲೋನ್‌ಗೆ ತೋಟ ಹಿಡಿಯಲು ಹಿಂಜರಿಯುತ್ತಾರೆ. ಏಳೂವರೆ ಲಕ್ಷದ ಮೇಲೆ ಸಾಮಾನ್ಯವಾಗಿ ಆಸ್ತಿ ಭದ್ರತೆ ಕೇಳುತ್ತಾರೆ. ಭದ್ರತೆ ಬೇಡ ಅನ್ನುವ ಖಾಸಗಿ ಕಂಪನಿಗಳೂ ಇವೆ, ಅಲ್ಲಿ ಬಡ್ಡಿ ಜಾಸ್ತಿ.

ಲೆಕ್ಕ ಕೇಳು. 30 ಲಕ್ಷ ಸಾಲ, ಹತ್ತೂವರೆ ಪರ್ಸೆಂಟ್ ಬಡ್ಡಿ, 10 ವರ್ಷ ಅಂತಿಟ್ಟುಕೋ. ಕಂತು ತಿಂಗಳಿಗೆ ಸುಮಾರು 40,500. ಓದುವಾಗ ಕಂತು ಇಲ್ಲ ಅಂತ ಖುಷಿಪಡಬೇಡ, ಬಡ್ಡಿ ಓಡುತ್ತಲೇ ಇರುತ್ತದೆ, ವರ್ಷಕ್ಕೆ 3 ಲಕ್ಷದ ಮೇಲೆ. ಸಾಧ್ಯವಾದರೆ ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬನ್ನಿ. ಆದಾಯ ತೆರಿಗೆ ಕಟ್ಟುವವರಾದರೆ ಈ ಸಾಲದ ಬಡ್ಡಿಗೆ 8 ವರ್ಷ ವಿನಾಯಿತಿ ಇದೆ, ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ.

ವೀಸಾಕ್ಕೆ ಕೈಯಲ್ಲಿರುವ ದುಡ್ಡು ತೋರಿಸುವುದಾದರೆ ಅದು 28 ದಿನ ಖಾತೆಯಲ್ಲಿ ಒಂದು ದಿನವೂ ಕಡಿಮೆಯಾಗದೆ ಇರಬೇಕು. ಬ್ಯಾಂಕಿನ ಎಜುಕೇಶನ್ ಲೋನ್ ಪತ್ರ ಇದ್ದರೆ ಈ 28 ದಿನ ಬೇಕಿಲ್ಲ. ಇದು ಹೇಳಲು ಕಾರಣ ಇದೆ. ಬೋಟಿನ ಮನೆಯಲ್ಲಿ ಜುಲೈನಲ್ಲಿ ಡೀಸೆಲ್, ಬಲೆ ರಿಪೇರಿ ಅಂತ ಖಾತೆಯಿಂದ ದುಡ್ಡು ತೆಗೆಯುವ ಸಮಯ, ಸರಿಯಾಗಿ ಅದೇ ತಿಂಗಳು ವೀಸಾ ಅರ್ಜಿಯ ಸಮಯ. ನನ್ನ ಕೈಯಲ್ಲೇ ಒಬ್ಬ ಹುಡುಗನಿಗೆ 23ನೇ ದಿನ 40 ಸಾವಿರ ತೆಗೆದದ್ದಕ್ಕೆ ಮತ್ತೆ ಒಂದರಿಂದ ಎಣಿಸಬೇಕಾಯಿತು.

ನಿಮ್ಮ ಆಯಿ ಮಾತಾಡುತ್ತಿಲ್ಲ ಅಂದೆಯಲ್ಲ. ಈ ಕಾಗದ ತೆಗೆದುಕೊಂಡು ಹೋಗಿ ಆಯಿಯ ಪಕ್ಕ ಕೂತು ಲೆಕ್ಕ ಮಾಡು. ಮನೆಯ ಖರ್ಚು ಯಾರ ಕೈಯಲ್ಲಿ ನಡೆಯುತ್ತದೋ ಅವರಿಗೇ ಸರಿಯಾಗಿ ಗೊತ್ತಿರುವುದು.

ನೀಲೇಕಣಿ_ಹುಡುಗ:

ನಾನು ಶಿರಸಿಯವನು. ನನ್ನ ಕಥೆ ಅಂಕೋಲೆ ಅಕ್ಕನ ಕಥೆಯ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ, ಇದನ್ನೂ ಓದಿ.

2022ರಲ್ಲಿ ಇದೇ ಕೋರ್ಸ್‌ಗೆ ಹೋದೆ. ಪಾಸಾದೆ, ಮೆರಿಟ್ ಬಂತು. ಆಮೇಲೆ ಎರಡು ವರ್ಷ ಗ್ರಾಜುಯೇಟ್ ವೀಸಾ, ಓದು ಮುಗಿದ ಮೇಲೆ ಅಲ್ಲೇ ಇದ್ದು ಕೆಲಸ ಮಾಡಲು ಕೊಡುವುದು. ಪ್ರೊಬೇಷನ್ ಕಚೇರಿ, ಸಂತ್ರಸ್ತರಿಗೆ ನೆರವು ನೀಡುವ ಸಂಸ್ಥೆ, ಕೌನ್ಸಿಲ್, ಎಲ್ಲ ಕಡೆ ಅರ್ಜಿ ಹಾಕಿದೆ. ನೂರಾ ನಲವತ್ತು ಅರ್ಜಿಯ ಲೆಕ್ಕ ಇಟ್ಟಿದ್ದೇನೆ. ಮೂರು ಇಂಟರ್‌ವ್ಯೂ ಆಯಿತು. ಪ್ರತಿ ಸಲ ಕೊನೆಗೆ ಅದೇ ಪ್ರಶ್ನೆ, ನಿಮಗೆ ಮುಂದೆ ವೀಸಾಗೆ ಕಂಪನಿಯ ಸ್ಪಾನ್ಸರ್ ಬೇಕಾಗುತ್ತದಾ? ಹೌದು ಅಂದ ಮೇಲೆ ಫೋನ್ ಬರುವುದಿಲ್ಲ. ಅವರ ತಪ್ಪೂ ಅಲ್ಲ. ಹಾಗೆ ಸ್ಪಾನ್ಸರ್ ಮಾಡುವ ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯವಾಗಿ ಕನಿಷ್ಠ ಸಂಬಳದ ಮಿತಿ 2025ರ ಜುಲೈನಿಂದ 41,700 ಪೌಂಡ್ ಆಗಿದೆ, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ 33,400. ನಮ್ಮ ಕ್ಷೇತ್ರದ ಶುರುವಿನ ಕೆಲಸಗಳಲ್ಲಿ ಅಷ್ಟು ಕೊಡುವುದು ಬಹಳ ಕಡಿಮೆ. ಗ್ರಾಜುಯೇಟ್ ವೀಸಾ ಕೂಡ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ನೀವು ಈಗ ಹೋದರೆ ಮುಗಿಸುವಷ್ಟರಲ್ಲಿ ಆ ನಿಯಮದೊಳಗೇ ಬರುತ್ತೀರಿ.

ಕೊನೆಗೆ ನಾನು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಪೆಟ್ಟಿಗೆ ಎತ್ತುವುದು, ಸ್ಕ್ಯಾನ್ ಮಾಡುವುದು, ಬೆಲ್ಟ್ ಮೇಲೆ ಇಡುವುದು. ಕೆಲಸ ಕೀಳು ಅಂತ ಹೇಳುತ್ತಿಲ್ಲ, ಅದೇ ಕೆಲಸದಿಂದ ಆರು ಲಕ್ಷ ಸಾಲ ತೀರಿಸಿದ್ದೇನೆ. ಆದರೆ ಅಪ್ಪಯ್ಯ ಫೋನ್ ಮಾಡಿ 'ಆಫೀಸಿಗೆ ಹೋಗಿ ಬಂದೆಯಾ' ಅಂತ ಕೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಎರಡು ವರ್ಷ ಹೂಂ ಅಂದಿದ್ದೇನೆ. ಅದು ಸಾಲಕ್ಕಿಂತ ಭಾರ.

ಕಳೆದ ವರ್ಷ ವಾಪಸ್ ಬಂದೆ. ಈಗ ಹುಬ್ಬಳ್ಳಿಯಲ್ಲಿ ಒಂದು ಕಂಪನಿಯಲ್ಲಿ ಬ್ಯಾಂಕ್ ಮೋಸದ ಪ್ರಕರಣ ನೋಡುವ ಕೆಲಸ. ಓದಿದ್ದು ಇಲ್ಲಿ ಉಪಯೋಗಕ್ಕೆ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಯುಪಿಐ ಮೋಸದ ದೂರುಗಳು ಯಾವ ಹೊತ್ತಿಗೆ, ಎಂಥವರಿಗೆ ಜಾಸ್ತಿ ಆಗುತ್ತವೆ ಅಂತ ನೋಡುವಾಗ 1979ರ ಕೋಹೆನ್, ಫೆಲ್ಸನ್ ಸಿದ್ಧಾಂತ ನೆನಪಾಗುತ್ತದೆ. ಮಾಡಲು ತಯಾರಿರುವವನು, ಕೈಗೆ ಸಿಗುವ ಗುರಿ, ಕಾಯುವವರು ಇಲ್ಲದ ಹೊತ್ತು, ಮೂರೂ ಸೇರಬೇಕು. ಮಾರಿಕಾಂಬಾ ಜಾತ್ರೆಯಲ್ಲಿ ಯಾವ ಜಾಗದಲ್ಲಿ ಜೇಬು ಹೋಗುತ್ತದೆ ಅಂತ ಶಿರಸಿಯ ಯಾವ ಅಂಗಡಿಯವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಇಷ್ಟು ಕಲಿಯಲು ಅಷ್ಟು ಸಾಲ ಬೇಕಿತ್ತಾ ಅಂತ ನನ್ನನ್ನು ಕೇಳಿದರೆ, ಬೇಕಿರಲಿಲ್ಲ ಅಂತಲೇ ಹೇಳುತ್ತೇನೆ. ಸ್ಕಾಲರ್‌ಶಿಪ್ ಸಿಕ್ಕಿದರೆ ಹೋಗಿ. ಮನೆ ಅಡ ಇಟ್ಟು ಹೋಗಬೇಡಿ.

ಅಂಕೋಲೆಯವಳು:

@ನೀಲೇಕಣಿ_ಹುಡುಗ, ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್ ತಮ್ಮಾ. ಒಂದು ವಿಷಯ ನಾನು ಬರೆಯಲು ಬಿಟ್ಟಿದ್ದೆ, ಬಿಡಬಾರದಿತ್ತು. ನನಗೆ ಅರ್ಧ ಫೀ ಮಾಫಿ ಸಿಕ್ಕಿತ್ತು, ಉಳಿದದ್ದನ್ನು ದುಬೈಯಲ್ಲಿರುವ ಮಾವ ಬಡ್ಡಿ ಇಲ್ಲದೆ ಕೊಟ್ಟಿದ್ದರು. ಬೇಸರ ಇಲ್ಲ ಅಂತ ನಾನು ಹೇಳುವುದರಲ್ಲಿ ಅದರ ಪಾಲೂ ಇದೆ. ಕಾಳಿದಂಡೆ, ನನ್ನ ಮೊದಲ ಉತ್ತರವನ್ನು ಇದರ ಜೊತೆ ಸೇರಿಸಿ ಓದು.

ಧಾರವಾಡ_ಮೇಷ್ಟ್ರು:

ನಾನು ಕ್ರಿಮಿನಾಲಜಿ ಪಾಠ ಮಾಡುವವನು, ಮೂಲ ಹೊನ್ನಾವರ. ಈ ಚರ್ಚೆ ನೋಡಿ ಖುಷಿಯಾಯಿತು. ಎರಡು ಮಾತು ಸೇರಿಸುತ್ತೇನೆ.

ಈ ವಿಷಯ ಓದಲು ವಿದೇಶಕ್ಕೇ ಹೋಗಬೇಕು ಅಂತ ಇಲ್ಲ. ನಿಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್ ವಿಭಾಗ ಇದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ (ಟಿಸ್) ಅಪರಾಧ ಮತ್ತು ನ್ಯಾಯದ ಮೇಲೆ ಸಮಾಜಕಾರ್ಯದ ಎಂಎ ಇದೆ, ಅದು ಜೈಲು, ಬಾಲಮಂದಿರ, ಕೋರ್ಟುಗಳಲ್ಲಿ ನಿಂತು ಕಲಿಯುವ ಓದು. ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡಕ್ಕೇ ಬಂದಿದೆ. ಆದರೆ ಅದು ಹೆಚ್ಚಾಗಿ ವಿಜ್ಞಾನ ಓದಿದವರಿಗೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಪ್ರಕರಣಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು ಅಂತ ಆಗಿದೆ, ಅದನ್ನು ತೋರಿಸಿ ಕ್ರಿಮಿನಾಲಜಿಗೂ ಕೆಲಸ ಸುರಿಯುತ್ತದೆ ಅಂತ ಕೆಲವರು ಹೇಳುತ್ತಿದ್ದಾರೆ. ಆ ಕೆಲಸಗಳು ಬಿಎ ಓದಿದವರಿಗೆ ಸಿಗುವುದಿಲ್ಲ, ಮೋಸ ಹೋಗಬೇಡಿ.

ಪೊಲೀಸ್ ಆಗುವ ಆಸೆ ಇದ್ದರೆ ನಮ್ಮ ಪಿಎಸ್‌ಐ ಪರೀಕ್ಷೆಗೆ ಯಾವುದೇ ಪದವಿ ಸಾಕು. ಪಾಠ ಮಾಡುವ ಆಸೆ ಇದ್ದರೆ ಯುಜಿಸಿ ನೆಟ್‌ನಲ್ಲಿ ಕ್ರಿಮಿನಾಲಜಿ ಒಂದು ವಿಷಯವಾಗಿದೆ. ಯುಕೆಯ ಒಂದು ವರ್ಷದ ಮಾಸ್ಟರ್ಸ್ ಇಲ್ಲಿ ನಡೆಯುತ್ತದಾ ಅಂತ ಮೊದಲು ದೊಡ್ಡ ಗೊಂದಲ ಇತ್ತು. 2022ರ ಜುಲೈನಲ್ಲಿ ಎರಡು ದೇಶಗಳ ಮಧ್ಯೆ ಪರಸ್ಪರ ಮಾನ್ಯತೆಯ ಒಪ್ಪಂದ ಆದ ಮೇಲೆ ಅದು ಸರಿಹೋಗಿದೆ. ಆದರೂ ವಾಪಸ್ ಬಂದ ಮೇಲೆ ತತ್ಸಮಾನ ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಸ್ಕಾಲರ್‌ಶಿಪ್ ಬಗ್ಗೆ. ಬ್ರಿಟನ್ ಸರ್ಕಾರ ಕೊಡುವ ಚೆವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಒಟ್ಟು 2,800 ಗಂಟೆ. ಓದಿ ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ಮರಳಿ ಇರಬೇಕು. ನಿಮ್ಮ ಹಾಗೆ ಈಗ ತಾನೇ ಬಿಎ ಮುಗಿಸಿದವರಿಗೆ ಅದು ಈ ವರ್ಷ ಆಗುವುದಿಲ್ಲ, ಎರಡು ವರ್ಷ ಬಿಟ್ಟು ಆಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಾದರೆ ರಾಜ್ಯದ ಪ್ರಬುದ್ಧ ಯೋಜನೆ ನೋಡಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಿದೆ. ಅದರಲ್ಲಿ ಒಂದು ಕಿರಿಕಿರಿ ಇದೆ. 2022ರಿಂದ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ಅಧ್ಯಯನಕ್ಕೆ ಆ ಹಣ ಕೊಡುವುದಿಲ್ಲ ಅಂತ ನಿಯಮ ಮಾಡಿದ್ದಾರೆ. ಬಡ ಮನೆಯ ಹುಡುಗಿ ತನ್ನ ಊರಿನ ಪ್ರಶ್ನೆಯನ್ನು ಹೊರಗೆ ಹೋಗಿ ಓದಬಾರದು ಅಂದರೆ ನನಗೆ ಸಂಕಟವಾಗುತ್ತದೆ.

ನನ್ನ ಸಲಹೆ ಇಷ್ಟೇ. ಡೆಪಾಸಿಟ್ ಕಟ್ಟುವ ಮೊದಲು ಯುನಿವರ್ಸಿಟಿಗೆ ಪತ್ರ ಬರೆದು ಆಫರ್ ಮುಂದಿನ ವರ್ಷಕ್ಕೆ ಹಾಕಲು ಬರುತ್ತದಾ ಅಂತ ಕೇಳಿ. ಬಹಳ ಕಡೆ ಒಪ್ಪುತ್ತಾರೆ. ಏಜೆಂಟ್ ಮೂಲಕ ಕೇಳಬೇಡಿ, ನೀವೇ ಬರೆಯಿರಿ.

ಕಾಳಿದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಹತ್ತು ದಿನ ಆಯಿತು.

ಕುಮಟಾ ಮಾಮ, ನೀವು ಹೇಳಿದ ಹಾಗೆ ಆಯಿಯ ಪಕ್ಕ ಕೂತು ಲೆಕ್ಕ ಮಾಡಿದೆ. ಏಜೆಂಟ್ ಹೇಳಿದ್ದು 27 ಲಕ್ಷ. ಆಯಿ ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಿಂಗಳ ಖರ್ಚು ಬರೆಸಿದಳು, ಅಕ್ಕಿ, ಗ್ಯಾಸು, ತಮ್ಮನ ಫೀ, ಅಜ್ಜಿಯ ಮಾತ್ರೆ, ಸಂಘದ ಕಂತು. ಅದರ ಕೆಳಗೆ 40,500 ಬರೆದೆ. ಅವಳು ತುಂಬಾ ಹೊತ್ತು ನೋಡಿ, 'ನಿನಗೆ ಬೇಡ ಅನ್ನಲು ನನಗೆ ಮನಸ್ಸಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ' ಅಂದಳು. ಅಪ್ಪನಿಗೆ ಪೊಲೀಸ್ ಕೆಲಸದ ವಿಷಯ ನಾನೇ ಹೇಳಿದೆ. ಮೊದಲು ನಂಬಲಿಲ್ಲ, ನೀಲೇಕಣಿ ಅಣ್ಣ ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಹೂಂ ಅನ್ನುತ್ತಿದ್ದ ಜಾಗ ಬಂದಾಗ ಎದ್ದು ಹೊರಗೆ ಹೋದರು.

ಕೋರ್ಟಿಗೂ ಹೋದೆ, ಎರಡು ದಿನ ಅಂದುಕೊಂಡು ನಾಲ್ಕು ದಿನ. ಒಂದು ಚೆಕ್ ಬೌನ್ಸ್, ಒಂದು ಅಪಘಾತ, ಗೋವಾ ಕಡೆಯಿಂದ ಸಾರಾಯಿ ತಂದವನ ಒಂದು ಕೇಸು. ಮೂರನೆಯದರಲ್ಲಿ ಇದ್ದ ಹುಡುಗ ನನ್ನ ವಯಸ್ಸಿನವನೇ. ಅವನ ತಾಯಿ ಹೊರಗೆ ಜಗಲಿಯಲ್ಲಿ ಕೂತು ಪ್ರತಿ ಸಲ ಬಾಗಿಲು ತೆರೆದಾಗ ಎದ್ದು ನಿಲ್ಲುತ್ತಿದ್ದಳು. ಬೇಜಾರಾಗಲಿಲ್ಲ ಅಕ್ಕ. ಮನೆಗೆ ಬಂದು ಎಲ್ಲ ಬರೆದಿಟ್ಟೆ.

ಇಬ್ಬರು ಅಧ್ಯಾಪಕರಿಗೆ ಸೇತುವೆಯ ಪ್ರಶ್ನೆ ಬರೆದು ಇಮೇಲ್ ಮಾಡಿದ್ದೆ. ಒಬ್ಬರಿಂದ ಉತ್ತರ ಬಂತು, ಹೀಗೆ ಕಟ್ಟಡ, ಸೇತುವೆ ಬಿದ್ದ ಪ್ರಕರಣಗಳನ್ನು ಕಾರ್ಪೊರೇಟ್ ಅಪರಾಧ ಅಂತ ನೋಡುವ ಕೆಲಸ ಅವರ ವಿಭಾಗದಲ್ಲಿ ನಡೆಯುತ್ತಿದೆಯಂತೆ. ಆಫರ್ ಒಂದು ವರ್ಷ ಮುಂದೆ ಹಾಕಲು ಒಪ್ಪಿದ್ದಾರೆ, ಡೆಪಾಸಿಟ್ ಈಗ ಬೇಡ ಅಂದಿದ್ದಾರೆ. ಇನ್ನೂ ಒಂದು ವರ್ಷ ತಳ್ಳಲು ಆಗುವುದಿಲ್ಲವಂತೆ, ಆಗ ಹೊಸದಾಗಿ ಅರ್ಜಿ ಹಾಕಬೇಕು. ಅದಕ್ಕೇ ಈ ವರ್ಷ ಧಾರವಾಡದಲ್ಲೇ ಎಂಎಗೆ ಅರ್ಜಿ ಹಾಕುತ್ತಿದ್ದೇನೆ. ಓದಿನ ಜೊತೆಗೆ ಕೆಲಸವೂ ಸಿಕ್ಕಿದರೆ ಚೆವ್ನಿಂಗ್‌ಗೆ ಗಂಟೆ ಶುರುವಾಗುತ್ತದೆ ಅಲ್ವಾ ಮೇಷ್ಟ್ರೇ? ಪಾರ್ಟ್ ಟೈಮ್ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯುತ್ತಾರಾ?

ಇನ್ನೊಂದು ಚಿಕ್ಕ ಪ್ರಶ್ನೆ. ಹೇಗೂ ಬೇಕಾಗುತ್ತದೆ ಅಂತ ಟ್ರಾನ್ಸ್‌ಕ್ರಿಪ್ಟ್ ಈಗಲೇ ತೆಗೆದಿಡೋಣ ಅಂತಿದ್ದೇನೆ. ಸೋಮವಾರ ಬಸ್ಸಿಗೆ ಹೊರಟಿದ್ದೇನೆ. ಏನೇನು ಒಯ್ಯಬೇಕು?

ಧಾರವಾಡ_ಮೇಷ್ಟ್ರು:

ಪಾರ್ಟ್ ಟೈಮ್, ಇಂಟರ್ನ್‌ಶಿಪ್, ಸ್ವಯಂಸೇವೆ ಎಲ್ಲವನ್ನೂ ಹಿಡಿಯುತ್ತಾರೆ. ಗಂಟೆ ಬರೆದಿಟ್ಟುಕೊಳ್ಳಿ, ಪ್ರತಿ ಕಡೆಯಿಂದ ಪತ್ರ ತೆಗೆದುಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್‌ಗೆ ಎಲ್ಲ ಸೆಮಿಸ್ಟರ್‌ನ ಒರಿಜಿನಲ್ ಅಂಕಪಟ್ಟಿ, ಅದರ ಎರಡು ಸೆಟ್ ಜೆರಾಕ್ಸ್, ಆಧಾರ್, ಫೋಟೋ ಒಯ್ಯಿರಿ. ಬರುವಾಗ ಎರಡು ಮೂರು ಸೀಲ್ಡ್ ಕವರ್ ಜಾಸ್ತಿ ಮಾಡಿಸಿಕೊಂಡೇ ಬನ್ನಿ. ಮಳೆ ಜೋರಿದೆ, ಅರಬೈಲ್ ಘಾಟ್‌ನಲ್ಲಿ ಬಸ್ಸು ನಿಧಾನ. ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಇಲ್ಲದಿದ್ದರೆ ನೀವು ತಲುಪುವಾಗ ಕೌಂಟರ್ ಮುಚ್ಚಿರುತ್ತದೆ.